ಮಾಣಿಯಿಂದ ಮಾಲೀಕ: ಉಡುಪಿ ಹೋಟೆಲುಗಳ ಹಿಂದಿದ್ದ ಊರಿನವರು

ಮುಂಬೈ, ಚೆನ್ನೈ, ಬೆಂಗಳೂರು, ಎಲ್ಲೇ ಹೋದರೂ ಉಡುಪಿ ಹೋಟೆಲ್ ಸಿಗುತ್ತದೆ ಅಲ್ವಾ? ಅಷ್ಟು ಸಣ್ಣ ಸೀಮೆಯಿಂದ ಇಷ್ಟು ಜನ ಹೋಟೆಲ್ ಮಾಲೀಕರು ಹೇಗೆ ಬಂದರು? ಕೈರುಚಿಗಿಂತ ಜಾಸ್ತಿ ಕೆಲಸ ಮಾಡಿದ್ದು, ಮೊದಲು ಹೋದವರು ಹಿಂದೆ ಬಂದವರಿಗೆ ಕೊಟ್ಟ ಆಸರೆ ಎಂದು ನನಗೆ ಅನಿಸುತ್ತದೆ.

ಊರಿನಲ್ಲಿ ಬಡತನವಿತ್ತು. ಅಡುಗೆ ಬಲ್ಲ ಬ್ರಾಹ್ಮಣ ಹುಡುಗರು ಪೇಟೆಗೆ ಹೊರಟರು. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಬೆಳೆದ ಕೆ. ಕೃಷ್ಣರಾವ್ 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಶುರುಮಾಡಿದರು. ಮುಂಬೈಯ ಮಾಟುಂಗದಲ್ಲಿರುವ ಎ. ರಾಮ ನಾಯಕ್ ಅವರ ಬೋರ್ಡಿಂಗ್, ಅಂದರೆ ಊಟದ ಹೋಟೆಲ್, 1942ರದ್ದು.

ಇವರ ಹಿಂದೆ ಬಂದ ಹುಡುಗನ ದಾರಿ ನೋಡಿ. ಪರಿಚಯದವರ ಜೊತೆ ಮುಂಬೈಗೆ ಬಂದ. ಮೊದಲು ಟೇಬಲ್ ಒರೆಸುವುದು, ಲೋಟ ತೊಳೆಯುವುದು. ಆಮೇಲೆ ಬಡಿಸುವ ಮಾಣಿ. ನಂಬಿಕೆ ಹುಟ್ಟಿದ ಮೇಲೆ ಗಲ್ಲಾ. ಊಟ, ಮಲಗಲು ಜಾಗ ಹೋಟೆಲಿನಲ್ಲೇ. ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆ. ಹಾಲಿನ ಲೆಕ್ಕ, ಬಾಡಿಗೆಯ ಮಾತುಕತೆ, ಗಿರಾಕಿಯ ಸಿಟ್ಟು ಎಲ್ಲವನ್ನೂ ಅವನು ಸುಮ್ನೆ ನೋಡಿಯೇ ಕಲಿತ. ಗಲ್ಲಾದಲ್ಲಿ ಕುಳಿತ ಮಾಲೀಕರೂ ಒಂದು ಕಾಲಕ್ಕೆ ಲೋಟ ತೊಳೆದವರೇ. ಅದು ಕಣ್ಣೆದುರೇ ಇದ್ದಾಗ 'ನನ್ನಿಂದಲೂ ಆದೀತು' ಎಂಬ ಧೈರ್ಯ ತಾನಾಗಿ ಬರುತ್ತದೆ. ದುಡ್ಡು ಬೇಕಾದಾಗ ಚೀಟಿ ಎತ್ತಿದ, ಊರಿನವರು ಕೈಗಡ ಕೊಟ್ಟರು. ಬ್ಯಾಂಕಿಗೆ ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ. ಊರಿನ ಜನಕ್ಕೆ ಅವನ ಮನೆ ಗೊತ್ತಿತ್ತು, ಅಷ್ಟೇ ಜಾಮೀನು.

ಬಂಟ ಸಮುದಾಯದವರೂ ಇದೇ ದಾರಿ ಹಿಡಿದರು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನು ಕೈಬಿಟ್ಟು ಹೋದ ಮೇಲಂತೂ ಎಷ್ಟೋ ಮನೆಗಳ ಮಕ್ಕಳು ಮುಂಬೈ ಹೋಟೆಲುಗಳತ್ತ ಮುಖ ಮಾಡಿದರು. ಅಷ್ಟು ಹೊತ್ತಿಗೆ ಅಲ್ಲಿ ಬಂಟರ ಸಂಘವಿತ್ತು. 1931ರಲ್ಲಿ ಬಂಟರು ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕೂ ಬೆಳೆದಿತ್ತು.

ಈ ಆಸರೆಗೆ ಗಡಿಯೂ ಇತ್ತು. ಜಾತಿ, ಊರು, ನೆಂಟಸ್ತಿಕೆ ನೋಡಿಯೇ ಕೈ ಚಾಚುತ್ತಿತ್ತು. ಹೆಂಗಸರ ಅಡುಗೆಯ ಅನುಭವ ಮನೆಯಲ್ಲೇ ಉಳಿಯಿತು, ಗಲ್ಲಾದ ಹತ್ತಿರ ಅವರಿಗೆ ಜಾಗ ಸಿಕ್ಕಿದ್ದು ಕಡಿಮೆ. ಹೋಟೆಲ್ ಬಿಟ್ಟು ಬೇರೆ ಕಸುಬು ಮಾಡುತ್ತೇನೆ ಎಂದವನಿಗೆ ಹೇಳಿಕೊಡುವವರೂ ಇರಲಿಲ್ಲ.

ಈಗ ಕರಾವಳಿಯ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಟೇಬಲ್ ಒರೆಸಲು ಉತ್ತರದ, ಪೂರ್ವದ ರಾಜ್ಯಗಳ ಹುಡುಗರು ಬರುತ್ತಿದ್ದಾರೆ. ಕೆಲಸವನ್ನು ಅವರೂ ಅಷ್ಟೇ ಚೆನ್ನಾಗಿ ಕಲಿಯುತ್ತಾರೆ. ಆದರೆ ಅವರ ಮನೆ ಗೊತ್ತಿರುವವರು ಇಲ್ಲಿ ಯಾರೂ ಇಲ್ಲ. ಅವರಿಗೆ ಜಾಮೀನು ನಿಲ್ಲಬೇಕಾದವರು ಇವತ್ತಿನ ಮಾಲೀಕರೇ.