ಬಿರುಗಾಳಿ ನಿಂತ ಮೇಲೆ ಹೆಂಚಿನ ಚೂರು ಎಸೆಯಬೇಡಿ

ಮನೆ ವಿಮೆಯ ಕ್ಲೇಮ್ ಬಂದಾಗ ಹೋಗಿ ಸರ್ವೆ ಮಾಡುವುದು ನನ್ನ ಕೆಲಸ. ಬಿರುಗಾಳಿ ಆದ ಮೇಲೆ ಯಾವ ಮನೆಗೆ ಹೋದರೂ ಮೊದಲು ಒಳಗಿನ ಕೋಣೆಗೇ ಕರೆದುಕೊಂಡು ಹೋಗುತ್ತಾರೆ. ಸೀಲಿಂಗ್ ಮೇಲಿನ ಕಲೆ, ಉಬ್ಬಿದ ಗೋಡೆ, ನೆಂದ ಹಾಸಿಗೆ ತೋರಿಸುತ್ತಾರೆ. ಅವರ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ನಾನು ನೋಡಬೇಕಾದದ್ದು ಮೇಲೆ, ಚಾವಣಿಯಲ್ಲಿರುತ್ತದೆ. ಹಾನಿ ಆಗಿದೆ ಅಂದ ಮಾತ್ರಕ್ಕೆ ವಿಮೆ ದುಡ್ಡು ಬರುವುದಿಲ್ಲ, ಅದು ಯಾವುದರಿಂದ ಆಯಿತು ಅನ್ನುವುದೇ ಮುಖ್ಯ. ಗಾಳಿ ಹೆಂಚು ಎತ್ತಿ ಆ ಸಂದಿಯಿಂದ ಮಳೆ ನುಗ್ಗಿದ್ದರೆ ಸಾಮಾನ್ಯವಾಗಿ ಪರಿಹಾರ ಸಿಗುತ್ತದೆ. ಹಳೇ ಬಿರುಕು ವರ್ಷಗಟ್ಟಲೆ ಸೋರುತ್ತಾ ಬಂದು ಈ ಮಳೆಗೆ ಜಾಸ್ತಿ ಆಗಿದ್ದರೆ, ಅದು ಸವೆತ, ನಿರ್ವಹಣೆಯ ಲೋಪ ಅಂತ ಪಾಲಿಸಿ ಹೊರಗಿಡುತ್ತದೆ.

ಎರಡನ್ನೂ ಬೇರೆ ಮಾಡುವುದು ಹೇಗೆ? ಹತ್ತಿರ ಹೋಗಿ ನೋಡಬೇಕು. ಈಗಷ್ಟೇ ಒಡೆದ ಹೆಂಚಿನ ಅಂಚು ಶುಭ್ರವಾಗಿರುತ್ತದೆ, ಒಳಗಿನ ಬಣ್ಣ ಎದ್ದು ಕಾಣುತ್ತದೆ. ಹಳೇ ಒಡಕಿನಲ್ಲಿ ಧೂಳು ಕೂತು ಪಾಚಿ ಕಟ್ಟಿರುತ್ತದೆ. ಸೀಲಿಂಗ್ ಕಲೆಯೂ ಮಾತಾಡುತ್ತದೆ: ಒಂದರೊಳಗೊಂದು ಕಂದು ಗೆರೆಗಳು ಬಳೆಯ ಹಾಗೆ ಕಂಡರೆ, ಆ ಜಾಗ ಹಲವು ಸಲ ನೆಂದು ಒಣಗಿರುವ ಸಾಧ್ಯತೆ ಹೆಚ್ಚು.

ಒಮ್ಮೆ ಒಬ್ಬರು, ಪಾಪ, ಅಂಗಳದಲ್ಲಿ ಬಿದ್ದಿದ್ದ ಚೂರನ್ನೆಲ್ಲ ಗುಡಿಸಿ ಎಸೆದು, ಹೊಸ ಹೆಂಚು ಹಾಕಿಸಿ, ಎಲ್ಲ ಅಚ್ಚುಕಟ್ಟು ಮಾಡಿ ಆಮೇಲೆ ನಮ್ಮನ್ನು ಕರೆದರು. ಒಂದು ಫೋಟೋ ಕೂಡ ಇರಲಿಲ್ಲ. ಅವರು ಹೇಳಿದ್ದು ನಿಜ ಅಂತ ನನಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನೆಲ್ಲ ರಿಪೋರ್ಟ್‌ನಲ್ಲಿ ಬರೆಯಲು ಬರುವುದಿಲ್ಲ. ಆ ಮನೆಯಿಂದ ಹೊರಡುವಾಗ ಆದ ಬೇಜಾರು ಇನ್ನೂ ನೆನಪಿದೆ, ಈ ಅಂಕಣ ಬರೆಯುತ್ತಿರುವುದೂ ಅದಕ್ಕೇ.

ಹಾಗಾಗಿ ಮೊದಲು ಫೋಟೋ. ದೂರದಿಂದ ಇಡೀ ಚಾವಣಿ ಕಾಣುವ ಹಾಗೆ ಒಂದು, ಸ್ವಲ್ಪ ಹತ್ತಿರದಿಂದ ಒಂದು, ಒಡೆದ ಜಾಗದ್ದೇ ಒಂದು. ಮೇಲಿನ ತೂತು, ಅದರ ನೇರ ಕೆಳಗಿನ ಕಲೆ, ಎರಡೂ ಬರಲಿ. ಒದ್ದೆ ಚಾವಣಿ ಹತ್ತಲು ಹೋಗಬೇಡಿ, ನೆಲದಿಂದಲೇ ಜೂಮ್ ಮಾಡಿದರೆ ಸಾಕು. ಒಡೆದ ಚೂರು, ಬಾಗಿದ ತಗಡು, ಕಿತ್ತು ಬಂದ ಮೊಳೆ ಒಂದು ಚೀಲದಲ್ಲಿ ಕಟ್ಟಿಡಿ. ಕಂಪನಿಗೆ ಅದೇ ದಿನ ತಿಳಿಸಿ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ.

ಹಾಗಂತ ಸರ್ವೇಯರ್ ಬರುವ ತನಕ ಸುಮ್ನೆ ಕೂರುವ ಹಾಗೂ ಇಲ್ಲ. ಹಾನಿ ಇನ್ನೂ ಹೆಚ್ಚದಂತೆ ತಡೆಯುವುದು ಪಾಲಿಸಿ ಪ್ರಕಾರ ನಿಮ್ಮದೇ ಹೊಣೆ. ಟಾರ್ಪಾಲು ಹಾಕಿಸಿ, ನೀರು ತೆಗೆಸಿ, ಗಾಳಿ ಆಡಲು ಬಿಡಿ. ನೆಂದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಮತ್ತು ಆ ಬೂಷ್ಟಿಗೆ ನೀವೇ ಕಾರಣ ಅನ್ನುವ ವಾದ ಬರುತ್ತದೆ. ಈ ತಾತ್ಕಾಲಿಕ ಕೆಲಸದ ಪ್ರತಿ ಬಿಲ್ಲೂ ಇಟ್ಟುಕೊಳ್ಳಿ, ಸಾಮಾನ್ಯವಾಗಿ ಅದನ್ನೂ ಕ್ಲೇಮ್‌ಗೆ ಸೇರಿಸಬಹುದು. ಕಾಯಂ ರಿಪೇರಿ ಮಾತ್ರ ಸರ್ವೆ ಮುಗಿಯುವ ತನಕ ಬೇಡ.

ಇನ್ನು ದುಡ್ಡಿನ ಮಾತು. ಜನ ಹೆಚ್ಚು ಬೇಸರ ಮಾಡಿಕೊಳ್ಳುವುದು ಇಲ್ಲೇ. 20 ವರ್ಷ ಬಾಳುವ ಚಾವಣಿ 10 ವರ್ಷ ಹಳೆಯದಾಗಿದ್ದರೆ, ಸವಕಳಿ, ಅಂದರೆ ಹಳೆಯದಾದಂತೆ ಇಳಿದ ಬೆಲೆ, ಕಳೆದು ಕೊಡುವ ಪಾಲಿಸಿಯಲ್ಲಿ ಹೊಸ ಚಾವಣಿಯ ಖರ್ಚಿನ ಸುಮಾರು ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಡಿಡಕ್ಟಿಬಲ್, ಅಂದರೆ ನೀವೇ ಹೊರಬೇಕಾದ ಮೊದಲ ಪಾಲು, ಮತ್ತೆ ಕಳೆಯುತ್ತದೆ. ಹೊಸದರ ಬೆಲೆ ಕೊಡುವ ಪಾಲಿಸಿ ಇದ್ದರೂ ಎಷ್ಟೋ ಕಡೆ ಮೊದಲು ಸವಕಳಿ ಕಳೆದ ಮೊತ್ತ ಬಂದು, ರಿಪೇರಿ ಮುಗಿಸಿ ಬಿಲ್ ಕೊಟ್ಟ ಮೇಲೆ ಉಳಿದದ್ದು ಬರುತ್ತದೆ. ಆ ಎರಡನೇ ಕಂತಿಗೆ ಗಡುವು ಇರುತ್ತದೆ. ಮೊದಲ ಚೆಕ್ ನೋಡಿ, ಇಷ್ಟೇ ಅಂತ ಕೈಬಿಟ್ಟವರನ್ನು ಕಂಡಿದ್ದೇನೆ, ಅದು ಅವರದೇ ದುಡ್ಡು ಅಲ್ವಾ?

ರಿಪೇರಿಯವರ ಹತ್ತಿರ ಎಸ್ಟಿಮೇಟ್ ತೆಗೆದುಕೊಳ್ಳುವಾಗ 'ಚಾವಣಿ ಕೆಲಸ' ಅಂತ ಒಂದೇ ಸಾಲು ಬೇಡ. ಎಷ್ಟು ಜಾಗ, ಯಾವ ಸಾಮಗ್ರಿ, ಕೂಲಿ ಎಷ್ಟು, ಅವಶೇಷ ಸಾಗಿಸಲು ಎಷ್ಟು, ಎಲ್ಲ ಬಿಡಿಬಿಡಿಯಾಗಿ ಬರೆಸಿ. ಬಿರುಗಾಳಿಯ ಮರುದಿನವೇ ಬಾಗಿಲು ತಟ್ಟಿ, 'ನಿಮ್ಮ ಪಾಲಿನ ದುಡ್ಡು ನೀವು ಕೊಡುವುದೇ ಬೇಡ, ಬಿಲ್ಲಲ್ಲಿ ಸೇರಿಸುತ್ತೇವೆ' ಅನ್ನುವವರಿಗೆ ಸಹಿ ಹಾಕಲೇಬೇಡಿ. ಬಿಲ್ ಉಬ್ಬಿಸುವುದು ವಂಚನೆ, ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ. ಕ್ಲೇಮಿನ ಹಕ್ಕನ್ನೇ ಅವರ ಹೆಸರಿಗೆ ಬರೆದುಕೊಡುವ ಕಾಗದವೂ ಆ ಕಟ್ಟಿನಲ್ಲಿರಬಹುದು, ಓದಿ.

ಕಂಪನಿ ಕ್ಲೇಮ್ ಕೊಡುವುದಿಲ್ಲ ಅಂದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. 'ಹಳೇ ಸೋರಿಕೆ' ಅಂತ ಬರೆದಿದ್ದರೆ, ನೀವು ಎತ್ತಿಟ್ಟ ಆ ಚೂರು, ಆ ಫೋಟೋ ಮುಂದಿಟ್ಟು ಮರುಸರ್ವೆ ಕೇಳಬಹುದು.

ಒಪ್ಪಿಗೆ ಸಿಕ್ಕ ಮೇಲೂ ಒಂದು ಎಚ್ಚರ ಬೇಕು. ಸೀಲಿಂಗ್ ಬಿಚ್ಚಿದಾಗ ಒಳಗೆ ಮುರಿದ ಮರ, ನೆಂದ ವೈರು ಕಾಣುವುದು ತೀರಾ ಸಾಮಾನ್ಯ, ನಮ್ಮ ಕಣ್ಣಿಗೆ ಅದು ಮೊದಲ ಸರ್ವೆಯಲ್ಲಿ ಬಿದ್ದಿರುವುದಿಲ್ಲ. ಕೆಲಸ ಅಲ್ಲಿಗೇ ನಿಲ್ಲಿಸಿ, ಫೋಟೋ ತೆಗೆದು ನಮ್ಮನ್ನು ಮತ್ತೆ ಕರೆಯಿರಿ. 'ಪೂರ್ತಿ ಪರಿಹಾರ ಸಿಕ್ಕಿದೆ, ಇನ್ನೇನೂ ಬಾಕಿ ಇಲ್ಲ' ಅನ್ನುವ ಕಾಗದಕ್ಕೆ ಅಲ್ಲಿಯವರೆಗೆ ಸಹಿ ಬೇಡ.