ನಿರ್ದಾಕ್ಷಿಣ್ಯದ ಬಲಗೈ

‘ಕೆರೆ ಒತ್ತುವರಿ ಮಾಡಿದವರ ಮೇಲೆ ನಿರ್ದಾಕ್ಷಿಣ್ಯ ಕ್ರಮ’ ಅಂತ ಪೇಪರಿನಲ್ಲಿ ಆಗಾಗ ಓದುತ್ತೇವೆ. ಇಲ್ಲಿ ‘ನಿರ್ದಯ’ ಅಂತ ಯಾರೂ ಬರೆಯುವುದಿಲ್ಲ, ಅಲ್ವಾ? ನಿರ್ದಯ ಅಂದರೆ ಎದೆಯಲ್ಲಿ ಕರುಣೆಯೇ ಇಲ್ಲ. ನಿರ್ದಾಕ್ಷಿಣ್ಯದ ಮನುಷ್ಯನಿಗೆ ಕರುಣೆ ಇದ್ದರೂ ಇರಬಹುದು. ಎದುರಿಗಿರುವವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಮಾತ್ರ ಇಲ್ಲ.

ಆ ಸಂಕೋಚವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಟ್ಟೆ ಬಿರಿಯುವಂತಿದ್ದರೂ ನೆಂಟರ ಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇವಲ್ಲ, ಅದೇ ದಾಕ್ಷಿಣ್ಯ.

ಈ ಪದದ ಬೇರು ಹುಡುಕಿ ಹೋದರೆ ಸಿಗುವುದು ಬಲಗೈ. ಸಂಸ್ಕೃತದ ‘ದಕ್ಷಿಣ’ ಅಂದರೆ ಬಲಗಡೆ. ಲ್ಯಾಟಿನ್ನಿನ ‘ಡೆಕ್ಸ್ಟರ್’, ಗ್ರೀಕಿನ ‘ಡೆಕ್ಸಿಯೋಸ್’ ಇದರ ಒಡಹುಟ್ಟಿದವು. ಅವುಗಳ ಅರ್ಥವೂ ಬಲಗಡೆಯೇ. ಮೂಡಣಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ ತೆಂಕಣ, ಹಾಗಾಗಿ ದಿಕ್ಕಿಗೂ ಅದೇ ಹೆಸರು. ಪ್ರಾಕೃತದ ಬಾಯಲ್ಲಿ ಅದು ‘ದಕ್ಖಿಣ’ ಆಗಿ, ಕೊನೆಗೆ ‘ಡೆಕ್ಕನ್’ ಆಯಿತು. ಹೆಚ್ಚಿನವರಿಗೆ ಬಲಗೈಯೇ ಚುರುಕು ನೋಡಿ. ಸಂಸ್ಕೃತದಲ್ಲಿ ‘ದಕ್ಷಿಣ’ ಅಂದರೆ ಜಾಣ, ನಯವಂತ ಅಂತಲೂ ಹೌದು. ಆ ನಯವೇ ದಾಕ್ಷಿಣ್ಯ.

ಸಂಸ್ಕೃತ ಕಾವ್ಯಶಾಸ್ತ್ರದಲ್ಲಿ ‘ದಕ್ಷಿಣ ನಾಯಕ’ ಅಂತ ಒಬ್ಬನಿದ್ದಾನೆ. ಹೊಸಬಳಿಗೆ ಮನಸೋತರೂ ಮೊದಲಿನವಳ ಜೊತೆ ನಯವಾಗಿಯೇ ಇರುವವನು. ಯಾರ ಮನಸ್ಸನ್ನೂ ನೋಯಿಸಲಾರ, ಪಾಪ! ನಮ್ಮ ಹೋಳಿಗೆಯ ಪೇಚಾಟಕ್ಕೆ ಇವನೇ ಹಿರಿಯಣ್ಣ ಅನ್ನಿಸುತ್ತದೆ.

ಮಾತಿನಲ್ಲಿ ನಾವು ಜಾಸ್ತಿ ಬಳಸುವುದು ‘ಮುಲಾಜಿಲ್ಲದೆ’. ಇದು ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ನೋಡುವುದು, ಗಮನಿಸುವುದು. ‘ಮುಖ ನೋಡಿ ಮಣೆ ಹಾಕು’ ಎಂಬ ನಮ್ಮ ಗಾದೆಯಲ್ಲಿರುವುದೂ ಇದೇ ನೋಟ. ಮುಲಾಜಿಲ್ಲದವನು ಮುಖ ನೋಡದೆ ಮಣೆ ಎತ್ತಿಡುವವನು.

ಒಂದು ಎಚ್ಚರಿಕೆ. ಮೂರು ದಿನ ಸುರಿದ ಮಳೆಯನ್ನು ‘ನಿರ್ದಾಕ್ಷಿಣ್ಯ ಮಳೆ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಇಂಗ್ಲಿಷಿನ ‘ರಿಲೆಂಟ್‌ಲೆಸ್’ ಮಳೆಗೂ ನಡೆಯುತ್ತದೆ, ಮನುಷ್ಯನಿಗೂ ನಡೆಯುತ್ತದೆ. ಕನ್ನಡ ಎರಡನ್ನೂ ಬೇರೆ ಬೇರೆ ಇಟ್ಟಿದೆ. ಮಳೆ ಸುರಿಯುವುದು ‘ಎಡೆಬಿಡದೆ’. ಅದು ನಮ್ಮ ಮುಖ ನೋಡಿದ್ದೇ ಇಲ್ಲ, ಅದಕ್ಕೆಲ್ಲಿಯ ದಾಕ್ಷಿಣ್ಯ? ಸಾಲ ವಸೂಲಿಗೆ ಬರುವವನಿಗೆ ಮಾತ್ರ ಎರಡೂ ಒಪ್ಪುತ್ತವೆ. ಎಡೆಬಿಡದೆ ಫೋನ್ ಮಾಡುತ್ತಾನೆ, ಕೊನೆಗೊಂದು ದಿನ ನಿರ್ದಾಕ್ಷಿಣ್ಯವಾಗಿ ಗಾಡಿ ಎತ್ತಿಕೊಂಡು ಹೋಗುತ್ತಾನೆ.