ಮಂಗಳನಿಂದ ಬ್ಯಾಲಾಳಿಗೆ ಬಂದ ಅಲೆ

ನಿಸ್ತಂತು ಸಂವಹನದ ಮಾತು ಬಂದಾಗ ನಮ್ಮ ಗಮನ ಸಾಮಾನ್ಯವಾಗಿ ಸಂಕೇತಗಳನ್ನು ಕಳುಹಿಸುವ ಎತ್ತರದ ಗೋಪುರಗಳ ಕಡೆಗೆ ಹೋಗುತ್ತದೆ. ಆದರೆ ಈ ವಿದ್ಯೆಯ ಹೆಚ್ಚಿನ ಜಾಣ್ಮೆ ಇರುವುದು ಸಂಕೇತವನ್ನು ಹಿಡಿಯುವಲ್ಲಿ ಎಂದೇ ನಾನು ಭಾವಿಸುತ್ತೇನೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ವ್ಯಾಸದ ಆಂಟೆನಾ 2014ರಲ್ಲಿ ಮಂಗಳಯಾನದ ಸಂಕೇತಗಳನ್ನು ಪಡೆದ ಬಗೆ ಇದಕ್ಕೆ ಒಳ್ಳೆಯ ನಿದರ್ಶನ.

ಆಂಟೆನಾದ ಲೋಹದಲ್ಲಿರುವ ಎಲೆಕ್ಟ್ರಾನುಗಳನ್ನು ಹಿಂದಕ್ಕೂ ಮುಂದಕ್ಕೂ ವೇಗವಾಗಿ ಓಡಾಡಿಸಿದರೆ ಸುತ್ತಲಿನ ವಿದ್ಯುತ್ ಮತ್ತು ಕಾಂತಕ್ಷೇತ್ರಗಳು ಕಂಪಿಸುತ್ತವೆ. ಆ ಕಂಪನವೇ ರೇಡಿಯೊ ಅಲೆಯಾಗಿ ಬೆಳಕಿನ ವೇಗದಲ್ಲಿ ಹರಡುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರದಲ್ಲಿ ಈ ಓಡಾಟ ಸೆಕೆಂಡಿಗೆ 6,12,000 ಬಾರಿ ನಡೆದರೆ, ಮಂಗಳಯಾನ ಬಳಸಿದ, ರೇಡಿಯೊ ಅಲೆಗಳ ಒಂದು ವಿಭಾಗವಾದ ಎಸ್-ಬ್ಯಾಂಡ್‌ನಲ್ಲಿ ಸುಮಾರು 230 ಕೋಟಿ ಬಾರಿ. ಒಂದೇ ಸಮನಾದ ಇಂಥ ಅಲೆಯಲ್ಲಿ ಸುದ್ದಿಯೇನೂ ಇರುವುದಿಲ್ಲ. ಅದು ಬರಿಯ ವಾಹಕ. ಅದರ ಎತ್ತರವನ್ನೋ ಆವರ್ತನವನ್ನೋ (ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು) ಬದಲಿಸಿ, ಇಲ್ಲವೇ ಏರಿಳಿತದ ಹೊತ್ತನ್ನು ತುಸು ಹಿಂದುಮುಂದು ಮಾಡಿ, ಹೇಳಬೇಕಾದುದನ್ನು ಅದರ ಮೇಲೆ ಹೊರಿಸಬೇಕು. ಬಾಹ್ಯಾಕಾಶ ನೌಕೆಗಳಲ್ಲಿ ಸೊನ್ನೆ ಮತ್ತು ಒಂದುಗಳನ್ನು ಮೂಡಿಸಲು ಹೆಚ್ಚಾಗಿ ಈ ಕೊನೆಯ ವಿಧಾನವನ್ನೇ ಬಳಸುತ್ತಾರೆ.

ನಿಜವಾದ ಕಷ್ಟ ಆಮೇಲಿನದು. ಮಂಗಳಯಾನದ ದೊಡ್ಡ ಆಂಟೆನಾದ ವ್ಯಾಸ 2.2 ಮೀಟರ್, ಅದು ಕಳುಹಿಸುತ್ತಿದ್ದ ಅಲೆಯ ಉದ್ದ ಸುಮಾರು 13 ಸೆಂಟಿಮೀಟರ್. ಈ ಎರಡು ಅಳತೆಗಳಿಂದ ಲೆಕ್ಕ ಹಾಕಿದರೆ ಅದರ ಕಿರಣಪುಂಜ ಸುಮಾರು 4 ಡಿಗ್ರಿಯಷ್ಟು ಅಗಲವಾಗುತ್ತದೆ. ಕಿರಿದೆಂದು ತೋರುವ ಈ ಕೋನವೇ 20 ಕೋಟಿ ಕಿಲೋಮೀಟರಿಗೂ ಹೆಚ್ಚಿನ ದೂರ ಸಾಗಿ ಬರುವಷ್ಟರಲ್ಲಿ ಭೂಮಿಯ ವ್ಯಾಸದ ಸಾವಿರ ಪಟ್ಟಿಗಿಂತಲೂ ಅಗಲಕ್ಕೆ ಹರಡಿಕೊಂಡಿರುತ್ತದೆ. ಅಷ್ಟು ವಿಸ್ತಾರಕ್ಕೆ ಹಂಚಿಹೋದ ಶಕ್ತಿಯಲ್ಲಿ ಬ್ಯಾಲಾಳಿನ ಆಂಟೆನಾಕ್ಕೆ ದಕ್ಕುವುದು ಕೇವಲ 800 ಚದರ ಮೀಟರುಗಳಷ್ಟರ ಪಾಲು.

ಆ ಪಾಲಿನ ಜೊತೆಗೆ ಗದ್ದಲವೂ ಬರುತ್ತದೆ. ಬಿಸಿಯಿರುವ ಪ್ರತಿಯೊಂದು ವಸ್ತುವೂ, ನೆಲ, ಗಾಳಿ, ಕೊನೆಗೆ ಸ್ವೀಕರಿಸುವ ಉಪಕರಣ ಕೂಡ, ತನ್ನದೇ ರೇಡಿಯೊ ಅಲೆಗಳನ್ನು ಸೂಸುತ್ತಿರುತ್ತದೆ. ಆದ್ದರಿಂದಲೇ ಇಂಥ ಕೇಂದ್ರಗಳಲ್ಲಿ ಮೊದಲ ಹಂತದ ವರ್ಧಕವನ್ನು ಅತಿಶೀತದಲ್ಲಿ ಇರಿಸುವ ಪದ್ಧತಿಯಿದೆ. ನಗರದ ಸಂಕೇತಗಳನ್ನು ಸುತ್ತಲಿನ ದಿಣ್ಣೆಗಳು ತಡೆಯುವಂಥ ತಗ್ಗಿನ ಜಾಗವನ್ನು ಬ್ಯಾಲಾಳಿನಲ್ಲಿ ಆರಿಸಿಕೊಂಡದ್ದರ ಹಿಂದೆಯೂ ಇದೇ ಎಚ್ಚರಿಕೆಯಿದೆ.

ಬೇಕಾದ ಆವರ್ತನವನ್ನು ಆಯ್ದುಕೊಳ್ಳುವುದು ಅನುರಣನದ ಕೆಲಸ: ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ಮಾತ್ರ ತೂಗಾಟ ಬೆಳೆಯುವಂತೆ, ಶ್ರುತಿಗೊಳಿಸಿದ ವಿದ್ಯುತ್ ಮಂಡಲ ತನ್ನ ಆವರ್ತನಕ್ಕೆ ಮಾತ್ರ ಬಲವಾಗಿ ಸ್ಪಂದಿಸುತ್ತದೆ. ಆದರೆ ಭೂಮಿ ಮತ್ತು ನೌಕೆ ಎರಡೂ ಚಲಿಸುತ್ತಿರುವುದರಿಂದ ಡಾಪ್ಲರ್ ಪರಿಣಾಮದಿಂದಾಗಿ ಆವರ್ತನ ನಿಲ್ಲದೆ ಸರಿಯುತ್ತಿರುತ್ತದೆ. ರಿಸೀವರ್ ಮೊದಲು ವಾಹಕವನ್ನು ಪತ್ತೆಹಚ್ಚಿ, ಅದು ಸರಿದತ್ತ ತಾನೂ ಸರಿಯುತ್ತಾ, ಆಮೇಲಷ್ಟೇ ಸೊನ್ನೆ ಮತ್ತು ಒಂದುಗಳನ್ನು ಓದಬೇಕು. ಇಷ್ಟಾದರೂ ಕೆಲವು ತಪ್ಪಾಗಿ ಓದಲ್ಪಡುತ್ತವೆ. ಮತ್ತೊಮ್ಮೆ ಕಳುಹಿಸೆಂದು ಕೇಳಿ ಉತ್ತರ ಪಡೆಯಲು 24 ನಿಮಿಷಗಳೇ ಬೇಕಾಗುವ ದೂರ ಅದು. ಹಾಗಾಗಿ ಗಣಿತದ ನಿಯಮಕ್ಕೆ ಬದ್ಧವಾದ ಹೆಚ್ಚುವರಿ ಬಿಟ್‌ಗಳನ್ನು ಮೊದಲೇ ಸೇರಿಸಿ ಕಳುಹಿಸುತ್ತಾರೆ; ತಪ್ಪು ಎಲ್ಲಾಗಿದೆಯೆಂದು ಅವುಗಳ ಆಧಾರದಿಂದ ನೆಲದ ಮೇಲಿನ ಕಂಪ್ಯೂಟರೇ ಕಂಡುಹಿಡಿದು ತಿದ್ದುತ್ತದೆ.

ಇದೇ ವಿಳಂಬದ ಕಾರಣದಿಂದ, 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆಗೆ ಸೇರಲು ಬೇಕಾದ ಆಜ್ಞೆಗಳನ್ನು ಹಲವು ದಿನ ಮುಂಚೆಯೇ ಕಳುಹಿಸಿ ಅದರ ಕಂಪ್ಯೂಟರಿನಲ್ಲಿ ಉಳಿಸಲಾಗಿತ್ತು. ಎಂಜಿನ್ ಉರಿಯುತ್ತಿದ್ದಾಗ ನೌಕೆ ಸ್ವಲ್ಪ ಕಾಲ ಮಂಗಳನ ಮರೆಗೆ ಸರಿದದ್ದರಿಂದ ಸಂಕೇತವೇ ಕಡಿದುಹೋಯಿತು. ನೌಕೆ ಆಚೆ ಬದಿಯಿಂದ ಹೊರಬಂದು, ಅದರ ಅಲೆ 12 ನಿಮಿಷ ಪ್ರಯಾಣಿಸಿ ಭೂಮಿಯನ್ನು ಮುಟ್ಟಿದ ಮೇಲೆಯೇ ಕೆಲಸ ಕೈಗೂಡಿದ್ದು ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ತಿಳಿಯಿತು.